ಕಸದ ಡಬ್ಬಿ ತಲೆಕೆಳಗಾದರೂ ಲಾರಿಯೊಳಗೆ ಯಾಕೆ ಬೀಳುವುದಿಲ್ಲ?

ಓದುಗರ ಪ್ರಶ್ನೆ: ಕಸದ ಲಾರಿ ಡಬ್ಬಿಯನ್ನು ಎತ್ತಿ ಪೂರ್ತಿ ಮಗುಚುತ್ತದೆ. ಒಳಗಿನ ಕಸವೆಲ್ಲ ಬೀಳುತ್ತದೆ, ಡಬ್ಬಿ ಮಾತ್ರ ಬೀಳುವುದಿಲ್ಲ. ಅದನ್ನು ಯಾವುದು ಹಿಡಿದುಕೊಂಡಿರುತ್ತದೆ? ಹಾಗೆ ಹಿಡಿದಿದ್ದರೂ ಒಮ್ಮೊಮ್ಮೆ ಡಬ್ಬಿಯೂ ಒಳಗೆ ಬಿದ್ದುಬಿಡುವುದು ಯಾಕೆ?

ಉತ್ತರ:

ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಎತ್ತುವಾಗ ಡಬ್ಬಿಯನ್ನು ಹಿಡಿಯುವುದು ಅದರದೇ ತೂಕ. ಮಗುಚುವಾಗ ಹಿಡಿಯುವುದು ಒಂದು ಲಾಕ್. ಎರಡೂ ಹೊತ್ತಿನಲ್ಲಿ ಅಷ್ಟೂ ಭಾರ ಬೀಳುವುದು ಡಬ್ಬಿಯ ಬಾಯಂಚಿನ ಮೇಲೆ. ಡಬ್ಬಿ ಬಿತ್ತು ಅಂದಕೂಡಲೇ ಎಲ್ಲರೂ ಲಾರಿಯ ಯಂತ್ರವನ್ನು ಬೈಯುತ್ತಾರೆ, ಆದರೆ ಮೊದಲು ನೋಡಬೇಕಾದದ್ದು ಡಬ್ಬಿಯ ಅಂಚನ್ನು. ಹಿಡಿತ ಅನ್ನುವುದು ಲಾರಿಯಲ್ಲಿ ಅರ್ಧ ಇದ್ದರೆ ಡಬ್ಬಿಯಲ್ಲಿ ಇನ್ನರ್ಧ ಇರುತ್ತದೆ, ಮತ್ತು ಬೇಗ ಹಾಳಾಗುವುದು ಈ ಡಬ್ಬಿಯ ಅರ್ಧವೇ.

ಈಗ ವಿವರವಾಗಿ ನೋಡೋಣ. ಎರಡು ಚಕ್ರದ ಪ್ಲಾಸ್ಟಿಕ್ ಡಬ್ಬಿ ಗೊತ್ತಲ್ವಾ, 120 ಲೀಟರ್, 240 ಲೀಟರ್ ಅಳತೆಯದು? ಅದರ ಮುಂಭಾಗದ ಬಾಯಂಚಿನ ಕೆಳಗೆ ಒಮ್ಮೆ ಕೈಹಾಕಿ ನೋಡಿ. ಅಂಚು ಹೊರಗೆ ಚಾಚಿ ಕೆಳಗೆ ಮಡಿಚಿಕೊಂಡಿರುತ್ತದೆ. ಒಳಗೆ ಬೆರಳು ಹೋಗುವಂಥ ಸಂದು ಇರುತ್ತದೆ. ಇದು ಅಂದಕ್ಕೆ ಮಾಡಿದ್ದಲ್ಲ, ಲಾರಿ ಹಿಡಿಯಲೆಂದೇ ಮಾಡಿದ ಜಾಗ. ಲಾರಿಯ ಹಿಂಬದಿಯಲ್ಲಿ ಬಾಚಣಿಗೆಯನ್ನು ಹಲ್ಲು ಮೇಲಾಗಿ ನಿಲ್ಲಿಸಿದಂತೆ ಕಬ್ಬಿಣದ ಮೊಂಡು ಹಲ್ಲುಗಳ ಒಂದು ಸಾಲು ಇರುತ್ತದೆ. ಕೆಲಸಗಾರ ಡಬ್ಬಿಯ ಮುಂಭಾಗವನ್ನು ಲಾರಿಯ ಕಡೆಗೆ ತಿರುಗಿಸಿ ಅದಕ್ಕೆ ತಾಗಿಸಿ ನಿಲ್ಲಿಸುತ್ತಾನೆ, ಲಿವರ್ ಒತ್ತುತ್ತಾನೆ, ಹಲ್ಲುಗಳು ಕೆಳಗಿನಿಂದ ಬಂದು ಆ ಸಂದಿನೊಳಗೆ ಸೇರಿಕೊಳ್ಳುತ್ತವೆ.

ಇನ್ನೂ ಲಾಕ್ ಬಿದ್ದಿರುವುದಿಲ್ಲ, ಆದರೂ ಡಬ್ಬಿ ನೆಲ ಬಿಟ್ಟು ಮೇಲೆ ಹೋಗುತ್ತದೆ. ಯಾಕೆ ಬೀಳುವುದಿಲ್ಲ? ಡಬ್ಬಿ ಅಂಚಿನಿಂದ ನೇತಾಡುತ್ತಿದೆ, ತೂಕವೆಲ್ಲ ಹಲ್ಲುಗಳಿಂದ ಸ್ವಲ್ಪ ಹಿಂದಕ್ಕಿದೆ. ಹಾಗಾಗಿ ಡಬ್ಬಿಯ ಬುಡ ತಾನಾಗಿಯೇ ಲಾರಿಯ ಕಡೆಗೆ ವಾಲಿ ಅಲ್ಲಿರುವ ತಗಡಿಗೋ ರಬ್ಬರ್ ಪಟ್ಟಿಗೋ ಒತ್ತಿಕೊಳ್ಳುತ್ತದೆ. ಮೇಲೆ ಹಲ್ಲು, ಕೆಳಗೆ ತಗಡು, ನಡುವೆ ಭಾರ. ಜಾಸ್ತಿ ತೂಕ ಇದ್ದಷ್ಟೂ ಜಾಸ್ತಿ ಒತ್ತುತ್ತದೆ. ಈ ಹಂತದಲ್ಲಿ ಡಬ್ಬಿ ಬೀಳುವುದು ಅಪರೂಪ.

ಕಷ್ಟ ಶುರುವಾಗುವುದು ಮಗುಚುವಾಗ. ಡಬ್ಬಿ ಅಡ್ಡ ಮಲಗುವವರೆಗೂ ಸರಿ, ಅದರ ತೂಕ ತಗಡಿನ ಮೇಲೆಯೇ ಇರುತ್ತದೆ. ಅದನ್ನು ದಾಟಿ ಬಾಯಿ ಕೆಳಗಾಯಿತು ಅನ್ನಿ, ಈಗ ಡಬ್ಬಿ ಬಾಯಿಯ ಕಡೆಗೆ ಜಾರಲು ನೋಡುತ್ತದೆ. ಹಲ್ಲುಗಳ ತುದಿಯೂ ಆ ಕಡೆಗೇ ಇದೆ. ಅಂದರೆ ಡಬ್ಬಿ ಹಲ್ಲಿಗೆ ಹೇಗೆ ಸಿಕ್ಕಿಕೊಂಡಿತ್ತೋ ಹಾಗೆಯೇ ಬಿಡಿಸಿಕೊಂಡು ಕಸದ ಹಿಂದೆಯೇ ಹೊರಟುಬಿಡುತ್ತದೆ. ಇಲ್ಲಿ ಲಾಕ್ ಬೇಕೇಬೇಕು. ಬಾಯಂಚಿನ ಮೇಲೆ ಒಂದು ಕಬ್ಬಿಣದ ಪಟ್ಟಿ ಬಂದು ಕೂತು, ಅಂಚನ್ನು ಹಲ್ಲುಗಳಿಗೆ ಅದುಮಿ ಹಿಡಿಯುತ್ತದೆ. ಬಹಳಷ್ಟು ಲಾರಿಗಳಲ್ಲಿ ಈ ಪಟ್ಟಿಗೆ ಬೇರೆ ಲಿವರ್ ಇರುವುದೇ ಇಲ್ಲ. ಎತ್ತುವ ಚೌಕಟ್ಟು ತಿರುಗುತ್ತಿದ್ದ ಹಾಗೆ ಅದಕ್ಕೆ ಜೋಡಿಸಿದ ಸರಳುಗಳು ಪಟ್ಟಿಯನ್ನು ಎಳೆದು ಮುಚ್ಚುತ್ತವೆ, ಡಬ್ಬಿ ಕೆಳಗೆ ಬಂದಾಗ ತೆರೆಯುತ್ತವೆ. ಕೆಲವದರಲ್ಲಿ ಈ ಕೆಲಸಕ್ಕೆ ಒಂದು ಪುಟ್ಟ ಹೈಡ್ರಾಲಿಕ್ ಸಿಲಿಂಡರ್, ಅಂದರೆ ಆಯಿಲಿನ ಒತ್ತಡದಿಂದ ತಳ್ಳುವ ಕೊಳವೆ, ಇರುತ್ತದೆ. ಮನುಷ್ಯ ಮರೆತರೂ ಲಾಕ್ ಬೀಳಲಿ ಅನ್ನುವುದೇ ಇದರ ಹಿಂದಿನ ಯೋಚನೆ, ಮತ್ತು ಅದು ತುಂಬಾ ಒಳ್ಳೆಯ ಯೋಚನೆ.

ಮುಚ್ಚಳದ ಲೆಕ್ಕಾಚಾರವೂ ಇದರೊಳಗೇ ಇದೆ. ಮುಚ್ಚಳದ ಕೀಲು ಚಕ್ರ ಮತ್ತು ಹಿಡಿಕೆ ಇರುವ ಬದಿಯಲ್ಲಿ ಇರುತ್ತದೆ. ಡಬ್ಬಿ ಮುಂದಕ್ಕೆ ಮಗುಚಿದಾಗ ಮುಚ್ಚಳ ತನ್ನ ತೂಕಕ್ಕೇ ತೆರೆದುಕೊಳ್ಳುತ್ತದೆ. ಡಬ್ಬಿಯನ್ನು ತಿರುಗಾಮುರುಗಾ ಇಟ್ಟರೆ ಕಸ ಕೀಲಿನ ಕಡೆಯಿಂದ ಬೀಳಬೇಕಾಗುತ್ತದೆ, ಮುಚ್ಚಳ ಅಡ್ಡ ಬರುತ್ತದೆ, ಕೀಲು ಕಿತ್ತುಹೋಗುತ್ತದೆ. ಚಕ್ರದ ಬದಿ ಹೊರಗಿರಲಿ, ಮುಂಭಾಗ ಲಾರಿಯ ಕಡೆಗಿರಲಿ ಎಂದು ಹೇಳುವುದು ಇದಕ್ಕೇ.

ಅಮೆರಿಕದಲ್ಲಿ ಇನ್ನೊಂದು ಪದ್ಧತಿ ಜಾಸ್ತಿ ಇದೆ. ಅಲ್ಲಿನ ಡಬ್ಬಿಯ ಮುಂಭಾಗದಲ್ಲಿ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ ಇರುತ್ತದೆ. ಲಾರಿಯ ಮೇಲಿನ ಕೊಕ್ಕೆ ಮೇಲಿನ ಪಟ್ಟಿಯನ್ನು ಹಿಡಿದು ಎತ್ತುತ್ತದೆ, ತಿರುಗುವಾಗ ಕೆಳಗಿನ ಕೊಕ್ಕೆ ಚಾಚಿ ಕೆಳಗಿನ ಪಟ್ಟಿಯನ್ನು ಹಿಡಿಯುತ್ತದೆ. ಹೆಸರು ಬೇರೆ, ಆಕಾರ ಬೇರೆ, ತತ್ವ ಅದೇ: ಒಂದು ಹಿಡಿತ ಎತ್ತುವುದಕ್ಕೆ, ಇನ್ನೊಂದು ಜಾರದಿರುವುದಕ್ಕೆ. ನಾಲ್ಕು ಚಕ್ರದ 1100 ಲೀಟರಿನ ದೊಡ್ಡ ತೊಟ್ಟಿಗೆ ಎರಡೂ ಪಕ್ಕದಲ್ಲಿ ಗಟ್ಟಿಯಾದ ಮೊಳೆಯಂಥ ಗೂಟಗಳಿರುತ್ತವೆ. ಲಾರಿಯ ಎರಡು ತೋಳುಗಳು ಅವುಗಳ ಕೆಳಗೆ ಬಂದು ಎತ್ತುತ್ತವೆ. ಎರಡೂ ಗೂಟ ತೋಳಿನ ಕೊಕ್ಕೆಯೊಳಗೆ ಪೂರ್ತಿ ಕೂತಿರಬೇಕು. ಒಂದು ಕೂತು ಇನ್ನೊಂದು ತುದಿಯಲ್ಲಿ ನಿಂತಿದ್ದರೆ, ಅರ್ಧ ಟನ್ ಭಾರದ ತೊಟ್ಟಿ ಒಂದೇ ಕಡೆಗೆ ತಿರುಚಿಕೊಳ್ಳುತ್ತದೆ.

ಪಕ್ಕದಿಂದ ತೋಳು ಚಾಚಿ ಡಬ್ಬಿಯನ್ನು ಅಪ್ಪಿ ಎತ್ತುವ ಲಾರಿಗಳದ್ದು ಬೇರೆ ಕಥೆ. ಅಲ್ಲಿ ಹಲ್ಲೂ ಇಲ್ಲ, ಅಂಚೂ ಬೇಕಿಲ್ಲ, ಬರೀ ಒತ್ತಡ. ಒತ್ತಡ ಕಡಿಮೆಯಾದರೆ ಡಬ್ಬಿ ಜಾರುತ್ತದೆ, ಜಾಸ್ತಿಯಾದರೆ ಹೊಟ್ಟೆ ಒಳಗೆ ಹೋಗುತ್ತದೆ. ಡಬ್ಬಿಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟರೆ ತೋಳು ಸುತ್ತಲು ಜಾಗವೇ ಇರುವುದಿಲ್ಲ.

ಇನ್ನು ಬೀಳುವುದು ಯಾಕೆ ಅನ್ನುವುದಕ್ಕೆ ಬರೋಣ. ನನ್ನ ಮಟ್ಟಿಗೆ ಪ್ರಶ್ನೆಯ ಮುಖ್ಯ ಭಾಗ ಇದೇ.

ಒಂದನೆಯದು, ತೂಕ. ಯುರೋಪಿನಲ್ಲಿ ಚಕ್ರದ ಡಬ್ಬಿಗಳಿಗೆ ಇಎನ್ 840 ಅನ್ನುವ ಮಾನದಂಡ ಇದೆ. ಅದರ ಪ್ರಕಾರ 240 ಲೀಟರ್ ಡಬ್ಬಿ, ಕಸ ಸೇರಿ, 110 ಕಿಲೋ ದಾಟಬಾರದು. 1100 ಲೀಟರಿನದ್ದು 510 ಕಿಲೋ ದಾಟಬಾರದು. ಒಂದು ಲೀಟರ್ ಜಾಗಕ್ಕೆ 400 ಗ್ರಾಂ ಕಸ, ಅದರ ಮೇಲೆ ಖಾಲಿ ಡಬ್ಬಿಯ ತೂಕ ಅನ್ನುವ ಲೆಕ್ಕದಿಂದ ಬಂದ ಅಂಕಿ ಇದು. ಮನೆಯ ಮಾಮೂಲಿ ಕಸಕ್ಕೆ ಇದು ಸಾಕು. ಆದರೆ ಮಣ್ಣು, ಮರಳು, ಒಡೆದ ಇಟ್ಟಿಗೆ ಹಾಕಿದರೆ? ಮರಳು ಲೀಟರಿಗೆ ಸುಮಾರು 1.6 ಕಿಲೋ ತೂಗುತ್ತದೆ. 240 ಲೀಟರ್ ಡಬ್ಬಿಯ ಕಾಲು ಭಾಗ ಮರಳು ತುಂಬಿದರೆ ಸಾಕು, ಮಿತಿ ಮುಟ್ಟಿತು. ಪೂರ್ತಿ ತುಂಬಿದರೆ 380 ಕಿಲೋ ಮೀರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಡಬ್ಬಿ, ಲಿವರ್ ಹಿಡಿದವನಿಗೆ ಒಳಗೇನಿದೆ ಗೊತ್ತಿರುವುದಿಲ್ಲ. ಲಾರಿಯ ಹೈಡ್ರಾಲಿಕ್ ಬಲ ಅದನ್ನು ಎತ್ತಿಯೂ ಬಿಡಬಹುದು. ತಡೆಯಲಾರದ್ದು ಅಂಚಿನ ಪ್ಲಾಸ್ಟಿಕ್. ಮಿತಿಯ ತೂಕವನ್ನು ಸಾಮಾನ್ಯವಾಗಿ ಡಬ್ಬಿಯ ಮೈಮೇಲೆಯೇ ಅಚ್ಚು ಹಾಕಿರುತ್ತಾರೆ, ದಯವಿಟ್ಟು ಒಮ್ಮೆ ಹುಡುಕಿ ಓದಿ.

ಎರಡನೆಯದು, ವಯಸ್ಸು. ವರ್ಷಗಟ್ಟಲೆ ಬಿಸಿಲು ಕುಡಿದ ಪ್ಲಾಸ್ಟಿಕ್ ಪೆಡಸಾಗುತ್ತದೆ. ಚಳಿಯಲ್ಲಿ ಇನ್ನೂ ಪೆಡಸು. ಮೊದಲು ಅಂಚಿನ ಮೂಲೆಗಳಲ್ಲಿ ಬಿಳಿಚಿದ ಗೆರೆಗಳು ಕಾಣುತ್ತವೆ. ಪ್ಲಾಸ್ಟಿಕ್ ಅಲ್ಲಿ ಹಿಗ್ಗಿ ಸೋತಿದೆ ಎಂದು ಅರ್ಥ. ಆಮೇಲೆ ಕೂದಲೆಳೆಯಷ್ಟು ಸೀಳು. ಆಮೇಲೆ ಒಂದು ದಿನ ಅಂಚು ಲಾರಿಯ ಹಲ್ಲಿನಲ್ಲೇ ಉಳಿದು ಡಬ್ಬಿ ಒಳಗೆ ಹೋಗುತ್ತದೆ. ಬಿಸಿ ಬೂದಿ ಸುರಿದ ಡಬ್ಬಿಯಂತೂ ಬುಡದಿಂದಲೇ ಕರಗಿ ಸೊಟ್ಟಗಾಗಿರುತ್ತದೆ, ತಗಡಿಗೆ ಸರಿಯಾಗಿ ಒರಗುವುದೇ ಇಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುವುದು: ಕುಲುಕುವುದು. ಒದ್ದೆ ಕಸವನ್ನು ತುಳಿದು ತುಳಿದು ತುಂಬಿರುತ್ತಾರೆ. ಡಬ್ಬಿ ಮಗುಚಿದರೂ ಅದು ಬೀಳುವುದಿಲ್ಲ. ಆಗ ಲಿವರನ್ನು ಹಿಂದೆ ಮುಂದೆ ಎಳೆದು ಡಬ್ಬಿಯನ್ನು ಧಡ್ ಧಡ್ ಅಂತ ಬಡಿಸುತ್ತಾರೆ. ಪ್ರತಿ ಸಲ ತಟ್ಟನೆ ನಿಂತಾಗಲೂ ಒಳಗಿನ ಅಷ್ಟೂ ಕಸದ ಎಳೆತ ಅಂಚಿನ ಮೇಲೆ ಬರುತ್ತದೆ, ಅದೂ ಬಾಯಿ ಕೆಳಗಾಗಿ ಲಾಕ್ ಒಂದೇ ಹಿಡಿದಿರುವ ಹೊತ್ತಿನಲ್ಲಿ, ಅಂದರೆ ಹಿಡಿತ ಎಲ್ಲಕ್ಕಿಂತ ಕಡಿಮೆ ಇರುವಾಗ. ಒಂದೆರಡು ಸಲ ಮೆಲ್ಲಗೆ ಕುಲುಕಿದರೆ ತೊಂದರೆಯಿಲ್ಲ. ಅದಕ್ಕೂ ಬೀಳದಿದ್ದರೆ ಡಬ್ಬಿಯನ್ನು ಕೆಳಗಿಳಿಸಿ, ಉದ್ದ ಕೋಲಿನಿಂದ ಕಸ ಸಡಿಲಿಸಿ ಮತ್ತೆ ಎತ್ತಬೇಕು. ಹೀಗೆ ಮಾಡಲು ಹೊತ್ತು ಬೇಕು ನಿಜ. ಮುಗಿಸಬೇಕಾದ ಬೀದಿಗಳ ಪಟ್ಟಿ ಉದ್ದವಿದ್ದಾಗ ಆ ಹೊತ್ತನ್ನು ಕೆಲಸಗಾರನಿಗೆ ಕೊಡದವರು ಯಾರು ಅನ್ನುವುದನ್ನೂ ಕೇಳಬೇಕು. ಅವನೊಬ್ಬನನ್ನೇ ದೂರುವುದು ಸರಿಯಲ್ಲ.

ನಾಲ್ಕನೆಯದು, ಸರಿಯಾಗಿ ಕೂರದೇ ಇರುವುದು. ನೆಲ ಓರೆ ಇದ್ದರೆ ಡಬ್ಬಿ ವಾಲಿಕೊಂಡು ನಿಲ್ಲುತ್ತದೆ. ನಾಲ್ಕು ಹಲ್ಲು ಸಂದಿನೊಳಗೆ, ಉಳಿದವು ಹೊರಗೆ. ಲಾಕ್ ಪಟ್ಟಿ ಓರೆಯಾದ ಅಂಚಿನ ಮೇಲೆಯೇ ಬೀಳುತ್ತದೆ, ಎಲ್ಲ ಭಾರ ಒಂದು ಮೂಲೆಗೆ ಹೋಗುತ್ತದೆ. ಇದಕ್ಕೆ ಪರಿಹಾರ ಸುಲಭ. ಒಂದಡಿ ಎತ್ತಿ, ಕಣ್ಣಾಡಿಸಿ, ಅಂಚು ನೇರವಾಗಿ ಕೂತಿದೆ ಅಂದರೆ ಮುಂದುವರಿಸುವುದು. ಇಲ್ಲವಾದರೆ ಇಳಿಸಿ ಮತ್ತೆ ನಿಲ್ಲಿಸುವುದು. ಲಾರಿಯ ಕಡೆಯ ದೋಷಗಳೂ ಇರುತ್ತವೆ: ಸವೆದುಹೋದ ಹಲ್ಲು, ಬಾಗಿದ ಪಟ್ಟಿ, ಸಡಿಲವಾದ ಪಿನ್ನು, ಸಂದಿಯಲ್ಲಿ ಕೂತ ಬಟ್ಟೆ ಚೂರು. ಕೆಲಸ ಶುರು ಮಾಡುವ ಮೊದಲು ಖಾಲಿ ಚೌಕಟ್ಟನ್ನು ಒಮ್ಮೆ ಪೂರ್ತಿ ಮೇಲೆ ಕೆಳಗೆ ಆಡಿಸಿ ನೋಡಿದರೆ ಇವುಗಳಲ್ಲಿ ಮುಕ್ಕಾಲು ಕಣ್ಣಿಗೆ ಬೀಳುತ್ತವೆ.

"ಹೈಡ್ರಾಲಿಕ್ ಪೈಪ್ ಒಡೆದರೆ ಡಬ್ಬಿ ಧೊಪ್ಪನೆ ಬೀಳುತ್ತದಾ?" ಅಂತಲೂ ಕೇಳುತ್ತಾರೆ. ಸರಿಯಾಗಿ ಮಾಡಿದ ಯಂತ್ರದಲ್ಲಿ ಬೀಳಬಾರದು. ಸಿಲಿಂಡರಿಗೆ ಅಂಟಿಕೊಂಡೇ ಒಂದು ವಾಲ್ವ್ ಇರುತ್ತದೆ. ಪೈಪಿನಲ್ಲಿ ಒತ್ತಡ ಹೋದರೆ ಅದು ಆಯಿಲನ್ನು ಸಿಲಿಂಡರಿನೊಳಗೇ ತಡೆದು ನಿಲ್ಲಿಸುತ್ತದೆ. ಹಾಗಂತ ಎತ್ತಿದ ಡಬ್ಬಿಯ ಕೆಳಗೆ ನಿಲ್ಲಬಹುದು ಎಂದಲ್ಲ. ಯಾವತ್ತೂ ನಿಲ್ಲಬಾರದು, ಒಂದು ನಿಮಿಷಕ್ಕೂ ನಿಲ್ಲಬಾರದು.

ಇನ್ನೂ ದೊಡ್ಡ ತೊಟ್ಟಿಗಳ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ತೊಟ್ಟಿಯನ್ನು ಎತ್ತಿ ಹೊತ್ತುಕೊಂಡೇ ಹೋಗಬೇಕು. ಡಂಪರ್ ಪ್ಲೇಸರ್ ಲಾರಿ ಎರಡು ತೋಳುಗಳಿಂದ ಇಳಿಬಿಟ್ಟ ನಾಲ್ಕು ಚೈನುಗಳಲ್ಲಿ ತೊಟ್ಟಿಯನ್ನು ಎತ್ತುತ್ತದೆ. ನಾಲ್ಕೂ ಚೈನು ಒಂದೇ ಉದ್ದ ಇರಬೇಕು, ತಿರುಚಿರಬಾರದು, ಇಲ್ಲವಾದರೆ ನಾಲ್ಕರ ಭಾರ ಎರಡೇ ಹೊರುತ್ತವೆ. ಎತ್ತುವ ಮೊದಲು ಹಿಂದಿನ ಜಾಕ್‌ಗಳನ್ನು ನೆಲಕ್ಕೆ ಊರಬೇಕು. ತೊಟ್ಟಿ ಹಿಂದಿನ ಚಕ್ರಗಳಿಗಿಂತ ಆಚೆ ನೇತಾಡುವಾಗ ಲಾರಿಯ ಮೂತಿ ಮೇಲೆದ್ದುಬಿಡಬಹುದು.

ಹುಕ್ ಲೋಡರ್ ಅನ್ನುವ ಲಾರಿ ಒಂದು ತೋಳಿನಿಂದ ತೊಟ್ಟಿಯನ್ನು ತನ್ನ ಬೆನ್ನ ಮೇಲೆ ಎಳೆದುಕೊಳ್ಳುತ್ತದೆ, ಅದರಲ್ಲಿ ತೊಟ್ಟಿಯ ಮುಂಭಾಗದ ಸರಳಿಗೆ ಒಂದೇ ದೊಡ್ಡ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಜರ್ಮನಿಯ ಡಿಐಎನ್ 30722 ಮಾನದಂಡದಲ್ಲಿ ಆ ಸರಳಿನ ಎತ್ತರ 1570 ಮಿಲಿಮೀಟರ್, ಹಾಗಾಗಿ ಬೇರೆ ಬೇರೆ ಕಂಪನಿಯ ತೊಟ್ಟಿಯೂ ಲಾರಿಯೂ ಹೊಂದಿಕೊಳ್ಳುತ್ತವೆ. ನೋಡುವವರಿಗೆ ಕೊಕ್ಕೆಯೇ ಎಲ್ಲವನ್ನೂ ಹಿಡಿದಂತೆ ಕಾಣುತ್ತದೆ. ಆದರೆ ರಸ್ತೆಯಲ್ಲಿ ಓಡುವಾಗ ಮುಖ್ಯವಾದದ್ದು ತೊಟ್ಟಿಯ ಕೆಳಗಿನ ಹಳಿಗಳನ್ನು ಹಿಂದೆ ಹಿಡಿಯುವ ಲಾಕ್‌ಗಳು. ಅವು ಬೀಳದಿದ್ದರೆ ತಿರುವಿನಲ್ಲಿ ತೊಟ್ಟಿಯ ಹಿಂಭಾಗ ಚಾಸಿಯಿಂದ ಎದ್ದು ಪಕ್ಕಕ್ಕೆ ಸರಿಯುತ್ತದೆ. ತೋಳು ಪೂರ್ತಿ ಮಡಿಚದೆ ಹೊರಟರೆ ಸೇತುವೆಗೋ ತಲೆಮೇಲಿನ ವಿದ್ಯುತ್ ತಂತಿಗೋ ತಾಗುವ ಅಪಾಯವೂ ಇದೆ.

ಕೊನೆಗೆ, ಡಬ್ಬಿ ಬಿದ್ದೇಬಿಟ್ಟಿತು ಅಂದುಕೊಳ್ಳಿ. ಸುಮ್ನೆ ಬಗ್ಗಿ ಎಳೆದರಾಯಿತು ಅನ್ನಿಸುತ್ತದೆ, ಕೈಗೆ ಸಿಗುವಷ್ಟು ಹತ್ತಿರವೇ ಇರುತ್ತದೆ. ಹಾಗೆ ಮಾಡಲೇಬೇಡಿ. ಲಾರಿಯ ಹಿಂಬದಿಯ ಆ ಬಾಯಲ್ಲಿ ಕಸ ಒತ್ತುವ ಬ್ಲೇಡ್ ಓಡಾಡುತ್ತದೆ. ಅದಕ್ಕೆ ಡಬ್ಬಿ ಯಾವುದು, ತೋಳು ಯಾವುದು ಗೊತ್ತಾಗುವುದಿಲ್ಲ. ಮೊದಲು ಪಕ್ಕದ ಕೆಂಪು ಬಟನ್ ಒತ್ತಿ ಎಲ್ಲವನ್ನೂ ನಿಲ್ಲಿಸಬೇಕು. ಡ್ರೈವರಿಗೆ ಕೂಗಿ ಹೇಳಬೇಕು. ಎಂಜಿನ್ ಆಫ್ ಆಗಿ, ಕೀ ಹೊರಗೆ ಬಂದು, ಆ ಕೀ ಡಬ್ಬಿ ತೆಗೆಯುವವನ ಕೈಗೇ ಬರಬೇಕು. ಆಮೇಲೆ ಉದ್ದನೆಯ ಕೊಕ್ಕೆ ಕೋಲಿನಿಂದ ಎಳೆಯುವುದು. ಕೋಲಿಗೆ ಬರದಿದ್ದರೆ ಡಬ್ಬಿ ಹೋಗಲಿ ಬಿಡಿ, ಡಿಪೋದಲ್ಲಿ ಮಿಕ್ಕ ಕಸದ ಜೊತೆ ಹೊರಗೆ ಬರುತ್ತದೆ. ಹಿಂದಿನ ಮೆಟ್ಟಿಲ ಮೇಲೆ ನಿಂತು ಹೋಗುವವರಿಗೂ ಇಂಥದೇ ಕಟ್ಟುಪಾಡು ಇದೆ: ಯುರೋಪಿನ ಇಎನ್ 1501 ಮಾನದಂಡದ ಲಾರಿಯಲ್ಲಿ ಮೆಟ್ಟಿಲ ಮೇಲೆ ಜನ ಇದ್ದರೆ ವೇಗ 30 ಕಿಲೋಮೀಟರ್ ದಾಟುವುದಿಲ್ಲ, ರಿವರ್ಸ್ ಗೇರ್ ಕೆಲಸ ಮಾಡುವುದಿಲ್ಲ.

ಹೊರಗೆ ಬಂದ ಡಬ್ಬಿಯ ಅಂಚು ಸೀಳಿದ್ದರೆ ತಂತಿ ಕಟ್ಟಿ, ಟೇಪ್ ಸುತ್ತಿ ಮತ್ತೆ ಬೀದಿಗೆ ಇಡಬೇಡಿ. ತಂತಿ ಹಲ್ಲಿನ ಸಂದಿಗೆ ಅಡ್ಡ ಬರುತ್ತದೆ, ಲಾಕ್ ಪಟ್ಟಿ ಪೂರ್ತಿ ಮುಚ್ಚಲು ಬಿಡುವುದಿಲ್ಲ. ಬುಡದ ತೂತು, ಮುರಿದ ಮುಚ್ಚಳ, ಹೋದ ಚಕ್ರ, ಇವನ್ನೆಲ್ಲ ಸರಿ ಮಾಡಿಕೊಳ್ಳಬಹುದು. ಬಾಯಂಚು ಹೋದ ಡಬ್ಬಿಯನ್ನು ಮಾತ್ರ ಬದಲಾಯಿಸಲೇಬೇಕು.