ಅನುಕಲನದ ಜಾಗದಲ್ಲಿ ‘ಝಡ್’

ಕೆಲವು ವರ್ಷಗಳ ಹಿಂದೆ ಮಲ್ಲೇಶ್ವರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಗಣಿತದ ಟಿಪ್ಪಣಿಗಳನ್ನು ಮುದ್ರಿಸಿಕೊಂಡಾಗ, ಅನುಕಲನದ ಉದ್ದನೆಯ ಚಿಹ್ನೆ ಇರಬೇಕಾದ ಕಡೆಯಲ್ಲೆಲ್ಲ ಇಂಗ್ಲಿಷಿನ ‘ಝಡ್’ ಅಕ್ಷರವೂ ವರ್ಗಮೂಲದ ಜಾಗದಲ್ಲಿ ‘ಪಿ’ ಅಕ್ಷರವೂ ಬಂದು ಕುಳಿತಿದ್ದವು. ಮನೆಯ ಪರದೆಯ ಮೇಲೆ ಅದೇ ಪುಟ ಅಚ್ಚುಕಟ್ಟಾಗಿತ್ತು. ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದು, ಕನ್ನಡದ ಬದಲು ತಲೆಬುಡವಿಲ್ಲದ ರೋಮನ್ ಅಕ್ಷರಗಳನ್ನು ಕಂಡವರಿಗೆ ಇದರ ಕಾರಣ ಕೂಡಲೇ ಹೊಳೆಯುತ್ತದೆ.

ಗಣಿತಜ್ಞರು ಇಂದಿಗೂ ನೆಚ್ಚಿಕೊಂಡಿರುವ, ಅಚ್ಚಿಗೆ ಪುಟ ಜೋಡಿಸುವ ಟೆಕ್ ತಂತ್ರಾಂಶವನ್ನು ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ರೂಪಿಸತೊಡಗಿದರು; ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ಅವರ ಕಣ್ಣಿಗೆ ಹಿಡಿಸದೇ ಹೋದದ್ದೇ ಅದಕ್ಕೆ ಪ್ರೇರಣೆ. ಟೆಕ್ ಮೂಲತಃ ಸಿದ್ಧಪಡಿಸುವುದು ಡಿವಿಐ ಎಂಬ ಕಡತವನ್ನು. 1979ರಲ್ಲಿ ಡೇವಿಡ್ ಫುಕ್ಸ್ ವಿನ್ಯಾಸಗೊಳಿಸಿದ ಈ ಸ್ವರೂಪದಲ್ಲಿ ಅಕ್ಷರಗಳ ಚಿತ್ರವೇ ಇರುವುದಿಲ್ಲ. ಇಂಥ ಫಾಂಟಿನ 90ನೆಯ ಸಂಕೇತವನ್ನು ಪುಟದ ಇಂಥ ಬಿಂದುವಿನಲ್ಲಿಡು ಎಂಬಂಥ ಆದೇಶಗಳಷ್ಟೇ ಇರುತ್ತವೆ. ದೊಡ್ಡ ಚಿಹ್ನೆಗಳಿಗೆಂದೇ ಇರುವ ಟೆಕ್ ಫಾಂಟಿನಲ್ಲಿ 90 ಎಂದರೆ ಅನುಕಲನ. ಸಾಮಾನ್ಯ ಫಾಂಟಿನಲ್ಲಿ ಅದೇ ಸಂಖ್ಯೆ ‘ಝಡ್’. ಟೆಕ್‌ನಲ್ಲಿ ಸಿದ್ಧವಾಗಿ ನಾನು ಒಯ್ದಿದ್ದ ಪಿಡಿಎಫ್‌ನೊಳಗೆ ಆ ಫಾಂಟು ಅಡಕವಾಗಿರಲಿಲ್ಲವಾದ್ದರಿಂದ, ಅಂಗಡಿಯ ಗಣಕ ಕೈಗೆ ಸಿಕ್ಕ ಮತ್ತೊಂದನ್ನು ಬಳಸಿಕೊಂಡಿತ್ತು.

ಸ್ಥಾನದ ವಿಷಯದಲ್ಲಿ ಡಿವಿಐ ತೋರುವ ಕರಾರುವಾಕ್ಕುತನ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅಚ್ಚಿನ ಅಳತೆಯ ಮಾನ ಪಾಯಿಂಟ್; ಟೆಕ್ ಲೆಕ್ಕದಲ್ಲಿ ಇಂಚಿಗೆ 72.27 ಪಾಯಿಂಟ್, ಪ್ರತಿ ಪಾಯಿಂಟಿಗೆ 65,536 ಭಾಗ. ಅಂಥ ಒಂದು ಭಾಗ ಸುಮಾರು 5.4 ನ್ಯಾನೊಮೀಟರ್, ಎಂದರೆ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರದ ಸುಮಾರು ನೂರರಲ್ಲೊಂದು ಪಾಲು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವ ಲಿಪಿಯನ್ನು ಓದಿ ಬೆಳೆದ ನಮಗೆ, ಘಾತಸೂಚಿ ಕೂದಲೆಳೆಯಷ್ಟು ಸರಿದರೂ ಓದು ಎಡವುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಪರದೆಯಾಗಲಿ ಪ್ರಿಂಟರಾಗಲಿ ಮೂಡಿಸಬಲ್ಲದ್ದು ಚುಕ್ಕೆಗಳನ್ನು ಮಾತ್ರ. ಟೊಮಾಸ್ ರೊಕಿಕಿ ಬರೆದ ಡಿವಿಐಪಿಎಸ್ ಎಂಬ ತಂತ್ರಾಂಶ ಡಿವಿಐ ಕಡತದ ಆದೇಶಗಳನ್ನು ಪ್ರಿಂಟರಿಗೆ ತಿಳಿಯುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಗೆ ತಿರುಗಿಸಿದರೆ, ಎಕ್ಸ್‌ಡಿವಿಐ ಅದೇ ಕಡತವನ್ನು ಪರದೆಗೆ ತರುತ್ತದೆ. ಇಂಚಿಗೆ 600 ಚುಕ್ಕೆಗಳ ಪ್ರಿಂಟರಿಗೆಂದು ತಯಾರಾದ ಅಕ್ಷರಚಿತ್ರಗಳು ಕಾಗದದ ಮೇಲೆ ನಯವಾಗಿದ್ದರೂ ಪರದೆಯಲ್ಲಿ ಒರಟಾಗಿ ಕಾಣುತ್ತಿದ್ದವು. 1997ರಲ್ಲಿ ಕನೂತ್ ಅವರ ಕಂಪ್ಯೂಟರ್ ಮಾಡರ್ನ್ ಅಕ್ಷರಗಳು ಯಾವ ಗಾತ್ರಕ್ಕೂ ಹಿಗ್ಗುವ ರೇಖಾರೂಪದಲ್ಲಿ ಉಚಿತವಾಗಿ ದೊರೆತ ಮೇಲೆ ಈ ಕೊರತೆ ನೀಗಿತು.

ಈಗ ಅಂಗಡಿಗೆ ಹೊರಡುವ ಮುನ್ನ ಪಿಡಿಎಫ್‌ನ ಗುಣಲಕ್ಷಣಗಳ ಕಿಟಕಿಯಲ್ಲಿ ಫಾಂಟುಗಳ ಪಟ್ಟಿಯನ್ನು ತೆರೆದು, ಪ್ರತಿಯೊಂದು ಹೆಸರಿನ ಎದುರೂ ಅದು ಅಡಕವಾಗಿದೆಯೆಂಬ ಗುರುತನ್ನು ನೋಡಿಕೊಂಡೇ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ.