2,000 ಮೀಟರ್ ಎತ್ತರದಲ್ಲಿ ಯಾಕಪ್ಪಾ ಊರು ಕಟ್ಟಿದರು?

ಓದುಗರ ಪ್ರಶ್ನೆ: ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಸ್ಯಾಂ ವೆರಾಂ ಅನ್ನುವ ಹಳ್ಳಿ 2,000 ಮೀಟರ್‌ಗಿಂತ ಮೇಲಿದೆಯಂತೆ. ಅರ್ಧ ವರ್ಷ ಹಿಮ ಮುಚ್ಚಿರುವ ಆ ಜಾಗದಲ್ಲಿ ಜನ ಯಾಕೆ ನೆಲೆಸಿದರು? ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು, ಈಗ ಏನು ಮಾಡುತ್ತಾರೆ?

ಒಂದೇ ಮಾತಲ್ಲಿ ಹೇಳಬೇಕೆಂದರೆ, ಬಿಸಿಲಿಗಾಗಿ.

ಇದು ಫ್ರಾನ್ಸಿನ ಆಗ್ನೇಯ ಮೂಲೆಯ ಹಳ್ಳಿ. ಕೇರಾ ಅನ್ನುವ ಕಣಿವೆ ಸೀಮೆಗೆ ಸೇರಿದ್ದು, ಬೆಟ್ಟದ ಸಾಲು ದಾಟಿದರೆ ಇಟಲಿ. ಊರಿನ ಎತ್ತರ ಸುಮಾರು 2,040 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ನೂರು ಮೀಟರ್ ಮೇಲೆ ಮನೆ, ಚರ್ಚು, ಸ್ಮಶಾನ ಎಲ್ಲಾ ಇವೆ ಅಂದುಕೊಳ್ಳಿ. 'ಯುರೋಪಿನಲ್ಲೇ ಅತಿ ಎತ್ತರದ ಊರು' ಅಂತ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸ್ವಿಟ್ಜರ್ಲೆಂಡಿನ ಯೂಫ್ ಅನ್ನುವ ಪುಟ್ಟ ಊರಿನವರು ಅದನ್ನು ಒಪ್ಪುವುದಿಲ್ಲ. ಅವರದು 2,126 ಮೀಟರ್. ಪಂಚಾಯಿತಿ ಇರುವ ಊರನ್ನು ಮಾತ್ರ ಲೆಕ್ಕ ಹಿಡಿಯಬೇಕೋ, ನಾಲ್ಕು ಮನೆಯ ಕೇರಿಯನ್ನೂ ಹಿಡಿಯಬೇಕೋ ಅನ್ನುವ ಜಗಳ ಅದು. ಅದನ್ನು ಅವರಿಗೇ ಬಿಡೋಣ.

ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ಪಶ್ಚಿಮದ ಬೆಟ್ಟಗಳಲ್ಲೇ ಸುರಿದು ಖಾಲಿಯಾಗುತ್ತವೆ. ಕೇರಾ ಸೀಮೆ ಮಳೆ ನೆರಳಿನಲ್ಲಿದೆ. ಹಾಗಾಗಿ ಆಕಾಶ ತಿಳಿಯಾಗಿರುವ ದಿನಗಳೇ ಜಾಸ್ತಿ. ಅದರ ಮೇಲೆ ಊರು ಕೂತಿರುವುದು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ. ಚಳಿಗಾಲದಲ್ಲಿ ಕಣಿವೆಯ ತಳಕ್ಕೆ ತಣ್ಣನೆಯ ಗಾಳಿ ಇಳಿದು ಅಲ್ಲೇ ನಿಂತುಬಿಡುತ್ತದೆ, ಬೆಟ್ಟದ ನೆರಳೂ ಬೀಳುತ್ತದೆ. ಮೇಲಿನ ಇಳಿಜಾರಿಗೆ ನೇರ ಬಿಸಿಲು. ಹಿಮ ಬೇಗ ಕರಗುತ್ತದೆ, ಮಣ್ಣು ಬೇಗ ಬಿಸಿಯಾಗುತ್ತದೆ. ಎತ್ತರ ಹೆಚ್ಚಾದಷ್ಟೂ ಬದುಕು ಕಷ್ಟ ಅನ್ನುವ ನಮ್ಮ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ.

ಕೆಳಗೆ ಹೊಳೆಯ ಭಯವೂ ಇದೆ. ಇಟಲಿ ಕಡೆಯಿಂದ ಬೀಸುವ ತೇವದ ಗಾಳಿ ಅಪರೂಪಕ್ಕೊಮ್ಮೆ ಗಡಿ ದಾಟಿ ಬಂದು ಜಡಿಯುತ್ತದೆ. 1957ರ ಜೂನ್‌ನಲ್ಲಿ ಹಾಗೆ ಸುರಿದ ಮಳೆಗೆ ಗೀಲ್ ನದಿ ಉಕ್ಕಿ, ಕಣಿವೆಯ ರಸ್ತೆ, ಸೇತುವೆ, ಮನೆಗಳನ್ನು ಎಳೆದುಕೊಂಡು ಹೋಯಿತು.

ಇನ್ನು ಮನೆಗಳ ವಿಷಯ. ನನಗಂತೂ ಈ ಊರಿನ ಅಸಲಿ ಕಥೆ ಇರುವುದೇ ಇಲ್ಲಿ ಅನ್ನಿಸುತ್ತದೆ. ಕೆಳಗಿನ ಅಂತಸ್ತು ಕಲ್ಲಿನದು. ಅದರಲ್ಲಿ ಮನುಷ್ಯರೂ ದನಗಳೂ ಒಟ್ಟಿಗೇ ಇರುತ್ತಿದ್ದರು. ಒಂದು ಕಡೆ ಹಸು ಕುರಿ, ಇನ್ನೊಂದು ಕಡೆ ಮಂಚ, ಮೇಜು. ಸೌದೆ ಉಳಿಸಬೇಕು, ಆದರೆ ಬೆಚ್ಚಗೂ ಇರಬೇಕು. ದನಗಳ ಮೈಶಾಖವೇ ಅವರ ಹೀಟರ್. ವಾಸನೆ? ಅಭ್ಯಾಸವಾಗಿರುತ್ತಿತ್ತು ಬಿಡಿ. ಕಲ್ಲಿನ ಭಾಗದ ಮೇಲೆ ಲಾರ್ಚ್ ಮರದ ಇಡೀ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಸಿ ಎತ್ತಿದ ದೊಡ್ಡ ಅಟ್ಟ. ಅಲ್ಲಿ ಹುಲ್ಲು. ಚಳಿಗಾಲ ಪೂರ್ತಿ ದನಗಳಿಗೆ ಮೇವು ಅದೇ, ಕೆಳಗೆ ಮಲಗಿದವರಿಗೆ ಹೊದಿಕೆಯ ಹಾಗೆ ಶಾಖ ಕಾಯುವುದೂ ಅದೇ. ಶತಮಾನಗಳ ಬಿಸಿಲಿಗೆ ಆ ದಿಮ್ಮಿಗಳು ಸುಟ್ಟು ಕಪ್ಪು ಕಂದು ಬಣ್ಣಕ್ಕೆ ತಿರುಗಿವೆ. 1641ರ ಒಂದು ಮನೆ ಈಗ ಮ್ಯೂಸಿಯಂ ಆಗಿದೆ, ಒಳಗೆ ಹೋಗಿ ನೋಡಬಹುದು.

ಮನೆಯ ಬಿಸಿಲು ಬೀಳುವ ಕಡೆಗೆ ಉದ್ದಕ್ಕೂ ಮರದ ಜಗಲಿಗಳು, ಒಂದರ ಮೇಲೊಂದು. ಚಂದಕ್ಕೆ ಕಟ್ಟಿದ್ದಲ್ಲ. ಇಲ್ಲಿ ರೈ (ಗೋಧಿಯಂಥ ಧಾನ್ಯ) ಮತ್ತು ಬಾರ್ಲಿ ಬೆಳೆಯುತ್ತಿದ್ದರು. ಬೇಸಿಗೆ ಗಿಡ್ಡ. ತೆನೆ ಪೂರ್ತಿ ಬಲಿಯುವ ಹೊತ್ತಿಗೆ ಚಳಿ ಬಂದುಬಿಟ್ಟರೆ? ಅದಕ್ಕೇ ಸ್ವಲ್ಪ ಹಸಿ ಇರುವಾಗಲೇ ಕೊಯ್ದು, ಸಿವುಡುಗಳನ್ನು ಈ ಜಗಲಿಯಲ್ಲಿ ಹರವುತ್ತಿದ್ದರು. ಸೂರಿನ ಕೆಳಗೆ ಮಳೆ ಹಿಮ ತಾಗದೆ, ಬಿಸಿಲು ಗಾಳಿ ತಾಗಿ ಕಾಳು ಅಲ್ಲೇ ಹಣ್ಣಾಗುತ್ತಿತ್ತು. ಹೊಲದಲ್ಲಿ ಅರ್ಧ, ಮನೆ ಮುಂದೆ ಅರ್ಧ ಬೆಳೆದ ಬೆಳೆ ಅಂತ ಬೇಕಾದರೆ ಹೇಳಬಹುದು. ಆ ಹಿಟ್ಟಿನ ರೊಟ್ಟಿಯನ್ನು ಊರಿನ ಸಾಮೂಹಿಕ ಒಲೆಯಲ್ಲಿ ವರ್ಷಕ್ಕೆ ಒಂದೆರಡು ಸಲ ಸುಟ್ಟು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಕಲ್ಲಿನಂತಾದ ಆ ರೊಟ್ಟಿ ಕತ್ತರಿಸಲು ಹಲಗೆಗೆ ಕೂರಿಸಿದ ಬೇರೆಯದೇ ಕತ್ತಿ ಇರುತ್ತಿತ್ತು.

ಮರದ ಮನೆ, ಅದರಲ್ಲಿ ಒಣ ಹುಲ್ಲು. ಒಂದು ಕಿಡಿ ಸಾಕು. ಆದ್ದರಿಂದ ಊರನ್ನು ಕೇರಿ ಕೇರಿಯಾಗಿ ಒಡೆದು, ನಡುವೆ ಖಾಲಿ ಜಾಗ ಬಿಟ್ಟಿದ್ದಾರೆ. ಒಂದು ಕೇರಿ ಸುಟ್ಟರೆ ಇನ್ನೊಂದಾದರೂ ಉಳಿಯಲಿ ಅಂತ. ಕೇರಿಗಳಲ್ಲಿ ಮರದ ತೊಟ್ಟಿಗೆ ಸದಾ ನೀರು ಬೀಳುತ್ತಿರುತ್ತದೆ. ಗೋಡೆಗಳ ಮೇಲೆ ಬಣ್ಣದ ನೆರಳು ಗಡಿಯಾರಗಳು. 19ನೇ ಶತಮಾನದಲ್ಲಿ ಜರ್ಬುಲಾ ಅನ್ನುವ ಇಟಲಿಯ ಅಲೆಮಾರಿ ಕಲಾವಿದ ಈ ಸೀಮೆಯ ಊರೂರು ತಿರುಗಿ ಇಂಥವನ್ನು ಬರೆದ. ಬಿಸಿಲೇ ಇಲ್ಲದ ಊರಲ್ಲಿ ಅವನಿಗೆ ಏನು ಕೆಲಸ, ಅಲ್ವಾ?

ಇಷ್ಟು ಓದಿ, ಹೊರಗಿನ ಪ್ರಪಂಚ ಗೊತ್ತಿಲ್ಲದ ಬಡಪಾಯಿಗಳು ಅಂದುಕೊಳ್ಳಬೇಡಿ. 1343ರಲ್ಲಿ ಈ ಸೀಮೆಯ ದೊರೆ ಎರಡನೇ ಅಂಬೇರ್ ಸಾಲದಲ್ಲಿ ಮುಳುಗಿದ್ದ. ಬೆಟ್ಟದ ಜನ ಸೇರಿ ಅವನಿಗೆ ದುಡ್ಡು ಕೊಟ್ಟು ತಮ್ಮ ಹಕ್ಕುಗಳನ್ನು ಬರೆಸಿಕೊಂಡರು. ಸಭೆ ಸೇರುವುದು, ತಮ್ಮ ಮುಖಂಡರನ್ನು ತಾವೇ ಆರಿಸುವುದು, ತೆರಿಗೆಯನ್ನು ತಾವೇ ಹಂಚಿಕೊಂಡು ಕಟ್ಟುವುದು. ಹೀಗೆ ಒಂದಾದ ಐದು ಸೀಮೆಗಳಿಗೆ 'ಎಸ್ಕಾರ್ತೋಂ' ಅಂತ ಹೆಸರು. ಕೇರಾ ಅದರಲ್ಲೊಂದು. 1713ರಲ್ಲಿ ರಾಜರು ಗಡಿ ಬದಲಿಸಿದಾಗ ಮೂರು ಸೀಮೆಗಳು ಇಟಲಿ ಕಡೆಗೆ ಹೋದವು. ಫ್ರೆಂಚ್ ಕ್ರಾಂತಿಯವರೆಗೂ ಉಳಿದ ಸೀಮೆಗಳಲ್ಲಿ ಈ ಏರ್ಪಾಡು ನಡೆಯಿತು.

ಲೆಕ್ಕ ಪತ್ರ ತಾವೇ ನೋಡಬೇಕಾದರೆ ಓದು ಬರಹ ಬರಲೇಬೇಕು. ಚಳಿಗಾಲದಲ್ಲಿ ಮಾಡಲು ಬೇರೆ ಕೆಲಸವೂ ಇಲ್ಲ. ಈ ಬೆಟ್ಟಗಳ ರೈತರು ಓದಿಗೆ ಹೆಸರಾದರು. ಎಷ್ಟೆಂದರೆ, ಹಿಮ ಬೀಳುವ ಮೊದಲು ಗಂಡಸರು ಕೆಳಗಿನ ಊರುಗಳ ಸಂತೆಗೆ ಇಳಿದು ಮೇಷ್ಟ್ರ ಕೆಲಸಕ್ಕೆ ನಿಲ್ಲುತ್ತಿದ್ದರು. ಟೋಪಿಗೆ ಒಂದು ಗರಿ ಸಿಕ್ಕಿಸಿದ್ದರೆ ಓದಲು ಕಲಿಸುತ್ತಾನೆ, ಎರಡಿದ್ದರೆ ಲೆಕ್ಕವೂ ಬರುತ್ತದೆ, ಮೂರಿದ್ದರೆ ಲ್ಯಾಟಿನ್ ಕೂಡ. ಸಂಬಳ ಮಾತಾಡಿಕೊಂಡು ಹೋಗಿ ಚಳಿಗಾಲ ಪಾಠ ಮಾಡಿ, ಹಿಮ ಕರಗಿದ ಮೇಲೆ ಹೊಲಕ್ಕೆ ವಾಪಸ್.

ಹೊರಗಿನ ನಂಟು ಕುರಿಗಳಿಂದಲೂ ಬಂತು. ದಕ್ಷಿಣದ ಪ್ರೊವಾನ್ಸ್‌ನಿಂದ ಬೇಸಿಗೆಗೆ ಮಂದೆಗಳು ಇಲ್ಲಿನ ಹುಲ್ಲುಗಾವಲಿಗೆ ಬರುತ್ತಿದ್ದವು. ಊರಿನ ಹೆಸರಿನ ಕಥೆಯೂ ಅದೇ ದಾರಿಯದು. ಪ್ರೊವಾನ್ಸ್‌ನಲ್ಲಿದ್ದ 6ನೇ ಶತಮಾನದ ಬಿಷಪ್ ವೆರಾಂ ಒಂದು ಘಟಸರ್ಪವನ್ನು ಗಾಯಗೊಳಿಸಿ ಓಡಿಸಿದನಂತೆ. ಅದು ಆಲ್ಪ್ಸ್ ಕಡೆ ಹಾರುವಾಗ ರಕ್ತದ ಹನಿ ಬಿದ್ದ ಕಡೆಯೆಲ್ಲ ಕುರಿಗಾಹಿಗಳು ತಂಗುವ ಜಾಗವಾಯಿತಂತೆ. ಕೊನೆಗೆ ಅದು ಬಿದ್ದು ಸತ್ತದ್ದು ಇಲ್ಲಿ.

19ನೇ ಶತಮಾನದಲ್ಲಿ ಊರಿನಲ್ಲಿ ಈಗಿಗಿಂತ ಎಷ್ಟೋ ಪಟ್ಟು ಜನರಿದ್ದರು. ಆಮೇಲೆ ಪೇಟೆಯ ಕೂಲಿ ಎಳೆಯಿತು, ಮಹಾಯುದ್ಧ ಬಂತು, ಅಂಗಡಿಯಲ್ಲಿ ಹಿಟ್ಟು ಸಿಗತೊಡಗಿದ ಮೇಲೆ ಈ ಇಳಿಜಾರಿನಲ್ಲಿ ರೈ ಬೆಳೆಯುವುದು ದಂಡ ಅನ್ನಿಸಿತು. ಇವತ್ತು ಇರುವವರು ಇನ್ನೂರು ಚಿಲ್ಲರೆ. ಮೇಲೆ ಬೆಟ್ಟದಲ್ಲಿ ಕಂಚಿನ ಯುಗದಿಂದಲೇ ತಾಮ್ರ ತೆಗೆದ ಗಣಿ ಇದೆ. 20ನೇ ಶತಮಾನದಲ್ಲಿ ಅದನ್ನು ಮತ್ತೆ ತೆರೆದು ಬಿಟ್ಟು ಬಿಟ್ಟು ನಡೆಸಿದರು, ಆಮೇಲೆ ಮುಚ್ಚಿತು.

ಈಗ ಊರು ನಡೆಯುವುದು ಬಹುಮಟ್ಟಿಗೆ ಪ್ರವಾಸಿಗರಿಂದ. ಚಳಿಗಾಲದಲ್ಲಿ ಪಕ್ಕದ ಮೋಲಿನ್ ಊರಿನ ಜೊತೆ ಸೇರಿ ನಡೆಸುವ ಚಿಕ್ಕ ಸ್ಕೀ ಬಯಲು, ಬೇಸಿಗೆಯಲ್ಲಿ ಬೆಟ್ಟ ಸುತ್ತುವವರು. ಮರಗೆಲಸ, ಚೀಸು, ಒಂದಿಷ್ಟು ದನ ಕುರಿ ಉಳಿದಿವೆ. 1977ರಲ್ಲಿ ಕೇರಾ ಸೀಮೆಯನ್ನು ಪ್ರಾದೇಶಿಕ ನಿಸರ್ಗ ಉದ್ಯಾನ ಮಾಡಿದ್ದರಿಂದ ದೊಡ್ಡ ಕಾಂಕ್ರೀಟ್ ಹೋಟೆಲುಗಳು ಮೇಲೇಳಲಿಲ್ಲ. ಬಂದವರು ಕಾರನ್ನು ಊರಾಚೆ ನಿಲ್ಲಿಸಿ ನಡೆದೇ ಒಳಗೆ ಹೋಗಬೇಕು.

ಊರಿನ ಮೇಲೆ, 2,900 ಮೀಟರ್ ದಾಟಿದ ಒಂದು ಶಿಖರದಲ್ಲಿ, 1974ರಲ್ಲಿ ಪ್ಯಾರಿಸ್ ವೀಕ್ಷಣಾಲಯದವರು ಒಂದು ಗುಮ್ಮಟ ಕಟ್ಟಿದರು. ಸೂರ್ಯನ ಸುತ್ತಲಿನ ಪ್ರಭೆಯನ್ನು ನೋಡಲು ತಿಳಿ ಆಕಾಶ ಬೇಕಿತ್ತು. ವಿಜ್ಞಾನಿಗಳು ಬಿಟ್ಟು ಹೋದ ಮೇಲೆ ಹವ್ಯಾಸಿಗಳ ಸಂಘ ಅದನ್ನು ವಹಿಸಿಕೊಂಡಿತು. 62 ಸೆಂಟಿಮೀಟರಿನ ದೂರದರ್ಶಕ ಇದೆ. ಅವರು ವಾರಗಟ್ಟಲೆ ಅಲ್ಲೇ ಇದ್ದು, ರಾತ್ರಿಯೆಲ್ಲ ನಕ್ಷತ್ರ ನೋಡಿ, ಬಿಸಿಲು ಬಂದ ಮೇಲೆ ಮಲಗುತ್ತಾರೆ.