ತೊಡೆಮೂಳೆ ಮುರಿದ ಮೇಲೆ ಮತ್ತೆ 200 ಕಿಲೋಮೀಟರ್ ಸೈಕಲ್ ತುಳಿಯಬಹುದೇ?

ಪ್ರಶ್ನೆ: ಕಳೆದ ವರ್ಷ ರಸ್ತೆ ಅಪಘಾತದಲ್ಲಿ ನನ್ನ ಎಡ ತೊಡೆಮೂಳೆ ಮುರಿದು, ಒಳಗೆ ರಾಡ್ ಹಾಕಿದ್ದಾರೆ. ಮೂಳೆ ಕೂಡಿದೆ, ಇನ್ನು ಸೈಕಲ್ ತುಳಿಯಬಹುದು ಎಂದು ವೈದ್ಯರು ಹೇಳಿದ್ದಾರೆ. ಮೊದಲು 200 ಮತ್ತು 300 ಕಿಲೋಮೀಟರ್‌ಗಳ ಬ್ರೆವೆ (ನಿಗದಿತ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುತ್ತಿದ್ದೆ. ಮತ್ತೆ ಅಷ್ಟು ದೂರ ಹೋಗುವುದು ಸಾಧ್ಯವೇ? ಹಳೆಯ ಗೆಳೆಯರ ಜೊತೆ ಹೊರಟರೆ ಅವರಿಗೆ ಹೊರೆಯಾಗುತ್ತೇನೇನೋ ಎಂಬ ಸಂಕೋಚವೂ ಇದೆ.

ಉತ್ತರ: ಸಾಧ್ಯ. ಆದರೆ ಮೂಳೆ ಕೂಡಿದೆ ಎಂಬ ವೈದ್ಯರ ಮಾತು ನಿಮ್ಮ ಪ್ರಶ್ನೆಯ ಒಂದು ಭಾಗಕ್ಕೆ ಮಾತ್ರ ಉತ್ತರ. ರಾಡ್ ಹಾಕಿದ ತೊಡೆಮೂಳೆ ಕೂಡಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಹಿಡಿಯುತ್ತದೆ. ಅದರ ಸುತ್ತಲಿನ ಸ್ನಾಯು ಮೊದಲಿನಂತೆ ಬಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಹಿಂದಿನಿಂದ ಲಾರಿಯ ಸದ್ದು ಕೇಳಿದಾಗ ಬೆನ್ನು ಬಿಗಿಯುವುದು ಎಂದು ನಿಲ್ಲುತ್ತದೆಂಬುದನ್ನು ಯಾವ ಎಕ್ಸ್-ರೇಯೂ ತೋರಿಸುವುದಿಲ್ಲ. ನನ್ನ ಬಲ ತೊಡೆಮೂಳೆಯೂ ಹೀಗೆಯೇ, ಹೊಸಕೋಟೆ ಕಡೆಯ ರಸ್ತೆಯಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿ ಮುರಿದಿತ್ತು. ಆಮೇಲೆ, ಕಾಲು ಸಿದ್ಧವಾಗಿದ್ದರೂ, ನೀವು ಹೇಳುವ ಇದೇ ಸಂಕೋಚದಿಂದ ನಾನು ನಾಲ್ಕು ತಿಂಗಳು ಸುಮ್ಮನೆ ಮನೆಯಲ್ಲಿ ಕುಳಿತೆ. ಆದ್ದರಿಂದ ಆ ಭಾಗಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಒಂದು ಲೆಕ್ಕ. 200 ಕಿಲೋಮೀಟರ್‌ಗಳ ಬ್ರೆವೆಗೆ ಸಿಗುವ ಕಾಲಾವಕಾಶ 13 ಗಂಟೆ 30 ನಿಮಿಷ. 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿಯಬಲ್ಲವರು 200 ಕಿಲೋಮೀಟರನ್ನು ಹತ್ತು ಗಂಟೆಯಲ್ಲಿ ಮುಗಿಸುತ್ತಾರೆ, ಅಂದರೆ ಕುಳಿತು ಉಣ್ಣಲು, ಕಾಲು ಚಾಚಲು, ಪಂಕ್ಚರ್ ಹಾಕಲು ಮೂರೂವರೆ ಗಂಟೆ ಉಳಿಯುತ್ತದೆ. ಇದು ಪಂದ್ಯವಲ್ಲ, ಮುಗಿಸಿದವರ ಪಟ್ಟಿಯಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಎಂಬ ಸ್ಥಾನಗಳಿರುವುದಿಲ್ಲ. ಪೆಟ್ಟು ತಿಂದ ದೇಹಕ್ಕೆ ದೂರದ ಸೈಕ್ಲಿಂಗ್‌ನಲ್ಲಿ ಇದಕ್ಕಿಂತ ಒಪ್ಪುವ ಪ್ರಕಾರ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಕಾಲಿನ ವಿಚಾರ. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಬೇಕಾದರೆ ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಅಷ್ಟು ಮಡಚದಿದ್ದಾಗ ಫಿಸಿಯೋಥೆರಪಿಸ್ಟ್‌ಗಳು ಸೀಟನ್ನು ಎತ್ತರಿಸಿ, ಪೆಡಲನ್ನು ಅರ್ಧ ಸುತ್ತು ಮುಂದಕ್ಕೆ, ಅರ್ಧ ಸುತ್ತು ಹಿಂದಕ್ಕೆ ತೂಗಿಸುತ್ತಾರೆ. ನನಗೆ ಮೊದಲ ಪೂರ್ತಿ ಸುತ್ತು ಬಂದದ್ದು ಹಿಮ್ಮುಖವಾಗಿ. ಒಂಬತ್ತು ದಿನ ಮೇಲಿನ ತುದಿಯಲ್ಲಿ ಬಂದು ನಿಲ್ಲುತ್ತಿದ್ದ ಪೆಡಲ್, ಹತ್ತನೆಯ ದಿನ ಹಿಂದಕ್ಕೆ ತುಳಿಯುವಾಗ ಮಂಡಿಯೊಳಗೆ ಏನೋ ಸಡಿಲಿದಂತಾಗಿ ತಟ್ಟನೆ ದಾಟಿಕೊಂಡಿತು. ಮುಮ್ಮುಖವಾಗಿ ದಾಟಲು ಇನ್ನೂ ಮೂರು ದಿನ ಬೇಕಾಯಿತು. ಈ ಹಂತವನ್ನು ನೀವು ಬಹುಶಃ ದಾಟಿರುತ್ತೀರಿ. ದಾಟಿದ ಮೇಲೂ ಎರಡು ತೊಡೆಗಳ ಸುತ್ತಳತೆಯನ್ನು ಮಂಡಿಚಿಪ್ಪಿನಿಂದ ಒಂದೇ ಅಂತರದಲ್ಲಿ ಟೇಪು ಹಿಡಿದು ತಿಂಗಳಿಗೊಮ್ಮೆ ಅಳೆದಿಡಿ. ಸೈಕಲ್ ಒಂದು ಮೋಸ ಮಾಡುತ್ತದೆ: ಗಟ್ಟಿ ಕಾಲು ಹೆಚ್ಚು ತುಳಿದು ಸೋತ ಕಾಲಿನ ಕೆಲಸವನ್ನೂ ಮಾಡಿಬಿಡುತ್ತದೆ, ವೇಗ ಮಾತ್ರ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ತುಳಿಯುವುದರಿಂದಲೇ ಕಾಲು ತಾನಾಗಿ ಬಲಿಯಲಿ ಎಂದು ಬಿಡದೆ, ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವಂತಹ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಹೇಳಿದಷ್ಟು ಕಾಲ ಮುಂದುವರಿಸಬೇಕು. ಶೂ ಕಚ್ಚಿಕೊಳ್ಳುವ ಪೆಡಲ್‌ಗಳನ್ನು ಬಿಡಿಸಿಕೊಳ್ಳಲು ಹಿಮ್ಮಡಿ ತಿರುಚಬೇಕಾಗುವುದರಿಂದ ಕೆಲವು ತಿಂಗಳು ಸಾಮಾನ್ಯ ಪೆಡಲ್ ಸಾಕು.

ಎಡಬಲ ಕಾಲುಗಳ ಈ ವ್ಯತ್ಯಾಸ ದೊಡ್ಡವರನ್ನೂ ಬಿಟ್ಟಿಲ್ಲ. ನಾಲ್ಕು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಕ್ರಿಸ್ ಫ್ರೂಮ್ 2019ರ ಜೂನ್‌ನಲ್ಲಿ ಬಿದ್ದು ತೊಡೆಮೂಳೆ ಮುರಿದುಕೊಂಡರು. 2020ರ ಫೆಬ್ರವರಿಯಲ್ಲೇ ಪಂದ್ಯಕ್ಕೆ ಮರಳಿದರೂ ಗಾಯಗೊಂಡ ಕಾಲಿನ ಬಲ ಹಿಂದುಳಿದಿದೆ ಎಂದು ಅವರೇ ಹೇಳಿಕೊಂಡರು, ಮತ್ತೆ ಟೂರ್ ಗೆಲ್ಲಲಿಲ್ಲ. ಇನ್ನೊಂದೆಡೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡ ಆನೆಮೀಕ್ ವಾನ್ ಫ್ಲೂಟನ್ ಮರುವರ್ಷವೇ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ತುಳಿಯುವ ಪಂದ್ಯ) ವಿಶ್ವ ಚಾಂಪಿಯನ್ ಆದರು. ಪತ್ರಿಕೆಗಳಲ್ಲಿ ಎರಡನೆಯ ಬಗೆಯ ಕಥೆಗಳೇ ಹೆಚ್ಚು ಬರುತ್ತವೆ. ಹಳೆಯ ವೇಗ ಬರಲಿಲ್ಲವೆಂದರೆ ಮರಳುವಿಕೆಯೇ ಸೋತಿತೆಂದು ಭಾವಿಸುವವರನ್ನು ಕಂಡಾಗ ನನಗೆ ನೋವಾಗುತ್ತದೆ. ನಮಗೆ ಬೇಕಾದದ್ದು ಗಂಟೆಗೆ 15 ಕಿಲೋಮೀಟರ್‌ಗಳ ಸರಾಸರಿ ಮಾತ್ರ.

ಈಗ ಹೊರೆಯ ಮಾತು. ಮೊದಲ ಬಾರಿ ಮತ್ತೆ ರಸ್ತೆಗಿಳಿದ ಭಾನುವಾರ, ಬೆಳಗ್ಗೆ ಐದೂವರೆಗೆ ದೇವನಹಳ್ಳಿ ಕಡೆಯ ಸರ್ವಿಸ್ ರಸ್ತೆಯಲ್ಲಿ, ನನಗಿಂತ ಹತ್ತು ವರ್ಷ ಚಿಕ್ಕವನಾದ ಗೆಳೆಯನೊಬ್ಬ ನನ್ನ ಹಿಂದೆ ಬಂದ. ಅವನು ಹುರಿದುಂಬಿಸಲಿಲ್ಲ, ಸಲಹೆ ಕೊಡಲಿಲ್ಲ. ಹಿಂದೆ ವಾಹನ ಕಂಡಾಗಲೆಲ್ಲ, "ಲಾರಿ ಬರ್ತಾ ಇದೆ ಸರ್, ನಿಮ್ಮ ಪಾಡಿಗೆ ನೀವು ತುಳೀರಿ" ಎಂದು ಹಾರನ್ನಿಗಿಂತ ಮೊದಲೇ ಹೇಳುತ್ತಿದ್ದ. ಏನು ಬರುತ್ತಿದೆ ಎಂಬುದು ಮುಂಚೆಯೇ ತಿಳಿದಿದ್ದರಿಂದ ಹಾರನ್ ಕೇಳಿದಾಗ ಹ್ಯಾಂಡಲ್ ಅಲುಗುತ್ತಿರಲಿಲ್ಲ. ಆರನೆಯ ಭಾನುವಾರದ ಹೊತ್ತಿಗೆ ಅವನು ಹೇಳುವುದನ್ನು ಮರೆತರೂ ನಾನು ಗಮನಿಸಲಿಲ್ಲ. ಮೂಳೆಯನ್ನು ಯಾರೂ ಕಡ ಕೊಡಲಾರರು, ಆದರೆ ರಸ್ತೆಯ ಮೇಲಿನ ಎಚ್ಚರವನ್ನು ಇನ್ನೊಬ್ಬರು ನಿಮಗಾಗಿ ಸ್ವಲ್ಪ ಕಾಲ ಹೊರಬಲ್ಲರು.

ನಿಮ್ಮ ಗೆಳೆಯರಿಗೆ ಭಾರವಾಗುವುದು ನಿಮ್ಮ ನಿಧಾನವಲ್ಲ, ನಿಮಗೆ ಏನು ಬೇಕೆಂಬುದು ಅವರಿಗೆ ತಿಳಿಯದಿರುವುದು. "ಜೊತೆಗೆ ಬನ್ನಿ" ಎಂದರೆ ಅವರು ತಮ್ಮ ವೇಗವನ್ನು ಎಷ್ಟು ತಗ್ಗಿಸಬೇಕೆಂದು ತಿಳಿಯದೆ ಮುಂದೆ ಹೋಗಿ, ನಿಂತು, ಹಿಂದಿರುಗಿ ನೋಡುತ್ತಾರೆ. ಅವರನ್ನು ಕಾಯಿಸುತ್ತಿದ್ದೇನೆಂದು ನೀವು ಶಕ್ತಿ ಮೀರಿ ತುಳಿಯುತ್ತೀರಿ. ಅದರ ಬದಲು, "ಈ ಭಾನುವಾರ ಒಂದೂವರೆ ಗಂಟೆ, ಗಂಟೆಗೆ 16ರ ವೇಗ, ನನ್ನ ಹಿಂದೆ ಒಬ್ಬರು ಬೇಕು" ಎಂದು ಕೇಳಿ. ಇಬ್ಬರು ಮೂವರನ್ನು ಸರದಿಯಂತೆ ಕೇಳಿದರೆ ಯಾರ ತರಬೇತಿಯೂ ಕೆಡುವುದಿಲ್ಲ. ತುಳಿಯಲು ಆಗದ ತಿಂಗಳುಗಳಲ್ಲಿ ಬ್ರೆವೆಯ ಕಂಟ್ರೋಲ್‌ನಲ್ಲಿ (ಸವಾರರು ನಿಗದಿತ ಹೊತ್ತಿನೊಳಗೆ ತಲುಪಬೇಕಾದ, ದಾರಿಯ ನಡುವಿನ ತಪಾಸಣಾ ಸ್ಥಳ) ಕುಳಿತು ಅವರ ಕಾರ್ಡ್‌ಗಳಿಗೆ ಸೀಲು ಒತ್ತುವ ಕೆಲಸಕ್ಕೆ ಹೆಸರು ಕೊಡಿ ಎಂದೂ ಒತ್ತಾಯಿಸುತ್ತೇನೆ. ಊರುಗೋಲನ್ನು ಕುರ್ಚಿಗೆ ಒರಗಿಸಿಟ್ಟು ನಾನು ಒಂದು ಮಧ್ಯಾಹ್ನ ಹಾಗೆ ಕುಳಿತಿದ್ದೆ. ಬೆವರಿಗೆ ಮೆತ್ತಗಾಗಿದ್ದ ಕಾರ್ಡ್‌ಗಳನ್ನು ಜೇಬಿನಿಂದ ಎಚ್ಚರವಾಗಿ ಬಿಡಿಸಿ ಚಾಚುವವರ ಪೈಕಿ ಕಂಟ್ರೋಲ್ ಮುಚ್ಚಲು ಐದು ನಿಮಿಷವಿದ್ದಾಗ ಬಂದವರೂ ಇದ್ದರು, ಅವರಿಗೂ ಅದೇ ಸೀಲು ಒತ್ತಿದೆ. ನಿಧಾನವಾಗಿ ಬರುವವರಿಗೆ ಇಲ್ಲಿ ಜಾಗವಿದೆ ಎಂಬುದು ಆ ಮೇಜಿನ ಹಿಂದೆ ಕುಳಿತಾಗ ನನಗೆ ನಿಜವಾಗಿ ಮನದಟ್ಟಾಯಿತು.

ಒಂದು ನಿಯಮವನ್ನು ಮನೆಯವರಿಗೂ ತಿಳಿಸಿಡಿ: ಬ್ರೆವೆಯಲ್ಲಿ ಸವಾರನ ಹಿಂದೆ ಕಾರು ಬರುವಂತಿಲ್ಲ, ಹೊರಗಿನವರು ನೆರವು ನೀಡುವುದಾದರೆ ಕಂಟ್ರೋಲ್‌ಗಳಲ್ಲಿ ಮಾತ್ರ. ಜೊತೆಗೆ ತುಳಿಯುತ್ತಿರುವ ಸವಾರರು ಪರಸ್ಪರ ಸಹಾಯ ಮಾಡುವುದಕ್ಕೆ ಅಡ್ಡಿಯಿಲ್ಲ. ನಿಮ್ಮ ಜೊತೆಗಾರರು ಆ ದಿನ ತಾವೂ ಹೆಸರು ನೋಂದಾಯಿಸಿ ತುಳಿಯುವವರಾಗಿದ್ದರೆ ಒಳ್ಳೆಯದೆಂದು ಹೇಳುವುದು ಈ ಕಾರಣಕ್ಕೆ.

ದೂರವನ್ನು ಹೆಚ್ಚಿಸುವಾಗ ಕಿಲೋಮೀಟರ್‌ಗಿಂತ ಸೀಟಿನ ಮೇಲೆ ಕುಳಿತ ಗಂಟೆಗಳನ್ನು ಎಣಿಸಿ, ಏಕೆಂದರೆ ಎಷ್ಟೋ ತಿಂಗಳು ಮಲಗಿದ್ದವರಲ್ಲಿ ಕಾಲಿಗಿಂತ ಮೊದಲು ಕುತ್ತಿಗೆ, ಅಂಗೈ, ಕೂರುವ ಭಾಗ ದೂರು ಹೇಳುತ್ತವೆ. ಸವಾರಿಯ ನಂತರದ ನೋವು ಮರುದಿನ ಬೆಳಗ್ಗೆ ಇಳಿದಿದ್ದರೆ ಮುಂದಿನ ವಾರ ಸ್ವಲ್ಪ ಸೇರಿಸಬಹುದು. ಇಳಿಯದಿದ್ದರೆ ಅಷ್ಟಕ್ಕೇ ನಿಲ್ಲಬೇಕು. ರಾತ್ರಿ ಮಲಗಿದಾಗ ಮೂಳೆಯ ಆಳದಲ್ಲಿ ನೋಯುವುದು, ಗಾಯದ ಸುತ್ತ ಕೆಂಪಾಗಿ ಜ್ವರ ಬರುವುದು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಒಂದೇ ಮೀನಖಂಡ ಊದಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದಾದ್ದರಿಂದ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ರಾಡ್ ತೆಗೆಸುವ ಯೋಚನೆಯಿದ್ದರೆ ಅದನ್ನು ಬ್ರೆವೆಗೆ ಮುಂಚೆ ತೀರ್ಮಾನಿಸಿ. ತೆಗೆದ ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬುವವರೆಗೆ ಮೂಳೆಗೆ ಪೂರ್ಣ ಬಲವಿರುವುದಿಲ್ಲ.

ಹಾಗಾದರೆ ಯಾವಾಗ? ಇಷ್ಟು ತಿಂಗಳೆಂದು ನಾನು ಹೇಳಲಾರೆ. 120 ಕಿಲೋಮೀಟರ್‌ಗಳನ್ನು ಎರಡು ಬಾರಿ, ಮರುದಿನ ಕುಂಟದೆ ಮುಗಿಸಿದ ಮೇಲೆ 200ಕ್ಕೆ ಹೆಸರು ಕೊಡಿ ಎಂಬುದು ನಾನು ಪಾಲಿಸಿದ ಅಳತೆ. ಮೊದಲನೆಯದಕ್ಕೆ ಬಿಸಿಲು ಕಡಿಮೆಯಿರುವ ಡಿಸೆಂಬರ್ ಅಥವಾ ಜನವರಿಯ ಬ್ರೆವೆಯನ್ನು, ನಂದಿ ಬೆಟ್ಟದಂತಹ ಏರು ಇಲ್ಲದ ದಾರಿಯನ್ನು ಆರಿಸಿಕೊಳ್ಳಿ. ಬೆಳಗ್ಗೆ ಆರಕ್ಕೆ ಹೊರಟರೆ ಅವಧಿ ಮುಗಿಯುವುದು ಸಂಜೆ ಏಳೂವರೆಗೆ, ಆ ತಿಂಗಳುಗಳಲ್ಲಿ ಕೊನೆಯ ಒಂದು ಗಂಟೆ ಕತ್ತಲಲ್ಲೇ ಸಾಗಬೇಕಾಗುತ್ತದೆ. ಆದ್ದರಿಂದ ದೀಪ, ಹೊಳೆಯುವ ಜಾಕೆಟ್ ಮೊದಲೇ ಸಿದ್ಧವಿರಲಿ, ಕತ್ತಲ ರಸ್ತೆಯಲ್ಲಿ ಒಂದೆರಡು ಸಂಜೆ ಜೊತೆಗಾರರೊಂದಿಗೆ ತುಳಿದು ನೋಡಿರಿ. 100ನೆಯ ಕಿಲೋಮೀಟರಿನ ಕಂಟ್ರೋಲ್ ಹೊರಟ 6 ಗಂಟೆ 40 ನಿಮಿಷಗಳ ನಂತರ ಮುಚ್ಚುತ್ತದೆ. ಅಲ್ಲಿಂದ ಊರಿಗೆ ಹಿಂತಿರುಗುವ ಬಸ್ಸು ಅಥವಾ ರೈಲು ಯಾವುದು, ಅದರಲ್ಲಿ ಸೈಕಲ್ ಹಾಕಿಕೊಳ್ಳುತ್ತಾರೆಯೇ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿ, ಅಲ್ಲಿ ನಿಲ್ಲಿಸಿದರೂ ನಿಲ್ಲಿಸಬಹುದು ಎಂದು ಜೊತೆಗೆ ಹೊರಡುವವರಿಗೆ ಮೊದಲೇ ಹೇಳಿಡಿ.